ಉಪ್ಪಿನ ಲೆಕ್ಕ, ಗುಳಿಗೆಯ ಲೆಕ್ಕ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸುತ್ತಲಿನ ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ಹಳೆಯ ಹೆರಿಗೆ ದಾಖಲೆಗಳು ಹಾಳಾಗದೆ ಉಳಿದಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು 1990ರ ದಶಕದಲ್ಲಿ ಹುಡುಕಿ ಹೃದಯ ಪರೀಕ್ಷೆ ಮಾಡಲಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.2 ಕೆ.ಜಿ. ದಾಟಿದವರಲ್ಲಿ ನೂರಕ್ಕೆ 3. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹುಟ್ಟುತೂಕವೊಂದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹೃದಯದ ಆರೈಕೆ ನಲವತ್ತು ದಾಟಿದ ಮೇಲಿನ ಕೆಲಸ ಎಂದುಕೊಂಡಿದ್ದವರು ಬಸುರಿಯ ಊಟದ ತಟ್ಟೆಯನ್ನೂ ನೋಡಬೇಕಾಗಿ ಬಂತು.

ಹಾಗೆ ನೋಡಿದ್ದೂ ಅದೇ ಆಸ್ಪತ್ರೆಯಲ್ಲಿ. 1997–98ರಲ್ಲಿ ಬಸುರಿಯರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 43 ಮಂದಿಯಲ್ಲಿ ವಿಟಮಿನ್ ಬಿ–12 ಕಡಿಮೆಯಿತ್ತು, ಫೋಲೇಟ್ ಕೊರತೆ ಇದ್ದವರು ನೂರಕ್ಕೆ 4 ಮಾತ್ರ. ಫೋಲೇಟ್ ಸೊಪ್ಪು–ಕಾಳುಗಳಲ್ಲಿದೆ, ಹುಣಸೂರು ರಸ್ತೆಯ ಇಲವಾಲದ ಕಡೆ ಬಸ್ಸಾರು, ಮಸ್ಸೊಪ್ಪು ಇಲ್ಲದ ವಾರವಿಲ್ಲ. ಬಿ–12 ಮಾತ್ರ ಗಿಡದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಟೀಗೆ ಬೇಕಾದಷ್ಟನ್ನೇ ಉಳಿಸಿಕೊಳ್ಳುವ ಮನೆಗಳಲ್ಲಿ, ಹಸು ಕಟ್ಟಿದ್ದರೂ ಬಿ–12 ಸಾಲದೆ ಹೋಗಬಹುದು.

ಬಿ–12, ಫೋಲೇಟ್ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ. ಅದು ಹೆಚ್ಚಿದ್ದವರಲ್ಲಿ ಹೃದಯಾಘಾತ, ಲಕ್ವ ಎರಡೂ ಹೆಚ್ಚು. ಹಾಗಾದರೆ ಬಿ ವಿಟಮಿನ್ ಮಾತ್ರೆ ಕೊಟ್ಟು ಅದನ್ನು ಇಳಿಸಿದರೆ ರೋಗವೂ ಇಳಿಯಬೇಕಲ್ಲವೇ? ದೊಡ್ಡ ಪ್ರಯೋಗಗಳಲ್ಲಿ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಆದರೆ ಚೀನಾದಲ್ಲಿ ಬಿ.ಪಿ. ಇರುವವರಿಗೆ ಬಿ.ಪಿ. ಮಾತ್ರೆಯ ಜೊತೆ ಫೋಲಿಕ್ ಆಮ್ಲ ಕೊಟ್ಟಾಗ ಲಕ್ವ ಕಡಿಮೆಯಾದದ್ದು 2015ರಲ್ಲಿ ವರದಿಯಾಯಿತು. ಮೊದಲೇ ಫೋಲೇಟ್ ಕಡಿಮೆ ಇದ್ದವರಿಗೆ ಅಲ್ಲಿ ಹೆಚ್ಚು ಲಾಭವಾಗಿತ್ತು. ಪೂರಕಗಳ ಕಥೆಯೆಲ್ಲ ಹೆಚ್ಚುಕಡಿಮೆ ಹೀಗೆಯೇ: ಕೊರತೆ ಇದ್ದವರಿಗೆ ಅದು ಔಷಧ, ಇಲ್ಲದವರಿಗೆ ದುಬಾರಿ ಮೂತ್ರ.

ಅಮೆರಿಕದಲ್ಲಿ 25,871 ಮಂದಿಯ ಮೇಲೆ ಐದು ವರ್ಷದಷ್ಟು ಕಾಲ ಮೀನೆಣ್ಣೆ, ವಿಟಮಿನ್ ಡಿಗಳ ಪ್ರಯೋಗ ನಡೆಸಿ ನೋಡಿದ್ದಾಯಿತು. ಹೃದಯಾಘಾತ, ಲಕ್ವ, ಹೃದ್ರೋಗದ ಸಾವು ಸೇರಿಸಿ ಎಣಿಸಿದರೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಿಟಮಿನ್ ಇ ಕೂಡ ಅಷ್ಟೇ. ಬೀಟಾ ಕ್ಯಾರೋಟಿನ್ ಮಾತ್ರೆಯಂತೂ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಹೆಚ್ಚಿಸಿತು. ಕ್ಯಾರೆಟ್ ತಿಂದವರಲ್ಲಿ ಹಾಗಾದದ್ದು ಕಂಡುಬಂದಿಲ್ಲ.

ಮೀನೆಣ್ಣೆಯ ಬದಲು ಒಮೆಗಾ–3 ಕೊಬ್ಬು ಬೇಕೆನ್ನುವ ಸಸ್ಯಾಹಾರಿಗಳಿಗೆ ಅಗಸೆ ಇದೆ. ಅದರ ಎಣ್ಣೆಯಲ್ಲಿ ಅರ್ಧದಷ್ಟು ಅದೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಒತ್ತಾಸೆಯಿಂದ ಎಚ್.ಡಿ. ಕೋಟೆ ಕಡೆಯ ರೈತರು ಬೆಳೆಯತೊಡಗಿದ ಚಿಯಾ ಕೂಡ ಅದೇ ಸಾಲಿನದು, ಅಗಸೆಗಿಂತ ಬೆಲೆ ಜಾಸ್ತಿ, ಅಷ್ಟೇ. ಎರಡರಲ್ಲೂ ಇರುವ ಒಮೆಗಾ–3 ಮೀನಿನದಲ್ಲ. ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಮೀನಿನ ಬಗೆಗೆ ಮಾರ್ಪಡಿಸಿಕೊಳ್ಳುತ್ತದೆ. ಬೇಕರಿ ತಿಂಡಿಯ ವನಸ್ಪತಿಯ ಜಾಗಕ್ಕೆ ಒಂದು ಹಿಡಿ ಕಡಲೆಕಾಯಿಯೋ ಹುಚ್ಚೆಳ್ಳು ಚಟ್ನಿಯೋ ಬಂದರೂ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ.

ಆದರೆ ಇಲವಾಲದ ಒಂದು ಮನೆಯಲ್ಲಿ ಒಂದೇ ಒಂದನ್ನು ಬದಲಿಸಲು ಅವಕಾಶವಿದ್ದರೆ ನಾನು ಆರಿಸುವುದು ಉಪ್ಪನ್ನು. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ., ಅದನ್ನು ಏರಿಸುವುದರಲ್ಲಿ ಉಪ್ಪಿನ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ತಲೆಗೆ 5 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಒಂದು ಕೆ.ಜಿ. ಪ್ಯಾಕೆಟ್ಟು ತಿಂಗಳೊಳಗೆ ಮುಗಿದರೆ ತಲೆಗೆ 8 ಗ್ರಾಂ ದಾಟಿತೆಂದು ಲೆಕ್ಕ. ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳ ಶಿಫ್ಟಿಗೆ ಹೋಗುವವರು ಹೊರಗೆ ತಿನ್ನುವ ಚಿಪ್ಸ್, ಪಫ್ಸ್, ಹೋಟೆಲ್ ಚಟ್ನಿ ಇದಕ್ಕೆ ಸೇರಿಲ್ಲ. ಮುದ್ದೆಗೆ ಉಪ್ಪು ಹಾಕದೆ ತೊಳಸುವ ಮನೆಯಲ್ಲೂ ಉಪ್ಸಾರಿನ ಖಾರದಲ್ಲಿ, ಉಪ್ಪಿನಕಾಯಿಯಲ್ಲಿ, ಮಜ್ಜಿಗೆ ಮೆಣಸಿನಕಾಯಿಯಲ್ಲಿ ಅದು ಬಂದು ಕೂತಿರುತ್ತದೆ. ಉಪ್ಪನ್ನು ದಿಢೀರನೆ ನಿಲ್ಲಿಸಿದರೆ ಮನೆಯವರು ತಟ್ಟೆ ಸರಿಸಿ ಏಳುತ್ತಾರೆ. ವಾರವಾರಕ್ಕೆ ಚಿಟಿಕೆಯಷ್ಟು ಇಳಿಸುತ್ತಾ ಹುಳಿ, ಬೆಳ್ಳುಳ್ಳಿ, ಜೀರಿಗೆ ಮುಂದೆ ಮಾಡಿದರೆ ನಾಲಗೆ ಒಗ್ಗಿಕೊಳ್ಳುತ್ತದೆ.

ಇನ್ನೊಂದು ದಾರಿ ಚೀನಾದ 600 ಹಳ್ಳಿಗಳಲ್ಲಿ ಪರೀಕ್ಷೆಗೆ ಒಳಗಾಯಿತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಲಕ್ವ ನೂರಕ್ಕೆ 14ರಷ್ಟು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾಯಿತು. ಇಂಥ ಕಡಿಮೆ ಸೋಡಿಯಂ ಉಪ್ಪು ಇಲ್ಲಿಯೂ ಸಿಗುತ್ತದೆ. ಕಿಡ್ನಿ ತೊಂದರೆ ಇರುವವರು, ಬಿ.ಪಿ. ಅಥವಾ ಹೃದಯದ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಕೊಳ್ಳಬಾರದು. ಅಂಥವರ ದೇಹದಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.