ಮಕ್ಕಳ ಕತೆಗೆ ಅಂಕ ಕೊಡುವುದೆಂತು?

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ ಐದರಿಂದ ಏಳನೆಯ ತರಗತಿಯ ಮಕ್ಕಳು ಬರೆಯುವ ಕತೆಗಳಿಗೆ ಅಂಕ ಬೀಳುವುದು ಬಹುತೇಕ ಕಾಗುಣಿತ ನೋಡಿಯೇ. ಮಹಾಪ್ರಾಣ ತಪ್ಪಿದಲ್ಲೆಲ್ಲ ಕೆಂಪು ಶಾಯಿ. ಎಲ್ಲ ಮಾಸ್ತರರೂ ಹೀಗೆಂದಲ್ಲ. ಆದರೆ ಐವತ್ತು ಪುಸ್ತಕ ತಿದ್ದಬೇಕಾದವರಿಗೆ ಥಟ್ಟನೆ ಕಣ್ಣಿಗೆ ಬೀಳುವುದು ತಪ್ಪೇ ತಾನೆ?

ಎರಡು ಕತೆಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ರಾಜ, ಕಾಡು, ಹುಲಿ, ಕೊನೆಗೊಂದು ನೀತಿ. ಅಕ್ಷರ ಮುತ್ತಿನಂತೆ, ತಪ್ಪೊಂದಿಲ್ಲ. ಇನ್ನೊಂದರಲ್ಲಿ ಅಜ್ಜ ಪಿಕ್ಕಾಸು ಹಿಡಿದು ಸುರಂಗ ತೋಡಲು ಗುಡ್ಡದೊಳಗೆ ಹೋಗುತ್ತಾನೆ. ಒಳಗಿನ ದೀಪ ನಂದುತ್ತದೆ. ಹೊರಗೆ ಮಾತಾಡುತ್ತಿದ್ದ ಅಮ್ಮ ಸುಮ್ಮನಾಗುತ್ತಾಳೆ. ಈ ಕತೆಯಲ್ಲಿ ಹದಿನೈದು ಕಾಗುಣಿತ ತಪ್ಪುಗಳು, ನಡುವೆ ನಾಲ್ಕು ತುಳು ಶಬ್ದಗಳು. ದೀಪ ನಂದಿದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ಸುರಂಗ ತೋಡುವವರ ಮನೆಯ ಮಗುವಿಗೆ ಗೊತ್ತು. ಅದನ್ನು ವಿವರಿಸದೆ ಅಮ್ಮನ ಮೌನದಲ್ಲಿ ತೋರಿಸಿದೆಯಲ್ಲ, ಕತೆ ಇರುವುದು ಅಲ್ಲಿ. ಆದರೂ ಬಹುಮಾನ ಹುಲಿಗೆ!

ಓದುವವರ ದೃಷ್ಟಿ ಎಷ್ಟು ಬೇರೆಬೇರೆ ಎಂಬುದಕ್ಕೆ ಅಮೆರಿಕದ ಪರೀಕ್ಷೆಯೊಂದಿದೆ. ಪಾಲ್ ಡೀಡರಿಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ 300 ಪ್ರಬಂಧಗಳನ್ನು 53 ಮಂದಿಯಿಂದ ಓದಿಸಿ, 9 ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. 1961ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ಬಿದ್ದಿದ್ದವು! ಕೆಲವರು ವಿಚಾರ ನೋಡಿದ್ದರು, ಕೆಲವರು ಬರೇ ತಪ್ಪು, ಇನ್ನು ಕೆಲವರು ಜೋಡಣೆ. ಪ್ರಬಂಧದ ಪಾಡೇ ಇದಾದರೆ ಕತೆಯ ಗತಿಯೇನು?

ನಮ್ಮಲ್ಲಂತೂ ಶಾಲೆಯ ಕನ್ನಡ ಅನೇಕ ಮಕ್ಕಳ ಮನೆಮಾತಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಹವ್ಯಕ ಕನ್ನಡ, ಪೇಟೆಯಲ್ಲಿ ಮಲಯಾಳ. ಅಜ್ಜ ತುಳುವಿನಲ್ಲೇ ಮಾತಾಡಿದರೆ ಅದು ಪಾತ್ರಕ್ಕೆ ಒಪ್ಪುವ ಮಾತು. ಅದಕ್ಕೆ ಅಂಕ ಕಳೆದರೆ ಮುಂದಿನ ಸಲ ಮಗು ಅಜ್ಜನನ್ನು ಬಿಟ್ಟು ರಾಜನನ್ನೇ ಬರೆದೀತು, ಇಲ್ಲವೇ ಬರೆಯುವುದನ್ನೇ ಬಿಟ್ಟೀತು. ಕನ್ನಡದಲ್ಲಿ ಬರೆಯುವ ಮಕ್ಕಳು ನಮಗೆ ಹೆಚ್ಚಾಗಿ ಹೋಗಿದ್ದಾರೆಯೇ?

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮೊದಲ ಓದಿಗೆ ಪೆನ್ನು ಮುಟ್ಟದೆ ಎಲ್ಲ ಕತೆಗಳನ್ನೂ ಓದುವುದು. ಏನು ನಡೆಯಿತು, ಯಾರ ಕಣ್ಣಿನಿಂದ ಕಂಡಿತು, ಮಗು ತಾನೇ ಕಂಡದ್ದೇನಾದರೂ ಇದೆಯೇ ಎಂಬುದಕ್ಕೆ ಹೆಚ್ಚಿನ ಪಾಲು ಅಂಕವಿರಲಿ. ಕಾಗುಣಿತಕ್ಕೆ ನೂರರಲ್ಲಿ ಇಪ್ಪತ್ತು ಧಾರಾಳವಾಯಿತು. ಸ್ಪರ್ಧೆಯಾದರೆ ಹೆಸರು ಮರೆಮಾಡಿ ಇಬ್ಬರು ಬೇರೆಬೇರೆಯಾಗಿ ಓದಲಿ. ಅಂಕಗಳಲ್ಲಿ ಬಹಳ ಅಂತರ ಬಂದರೆ ಕೂತು ಮಾತಾಡಲಿ.

ಇನ್ನು ತಾಯ್ತಂದೆಯರು. ಸ್ಪರ್ಧೆಯ ಹಿಂದಿನ ರಾತ್ರಿ ಕತೆ ಬರೆದು ಬಾಯಿಪಾಠ ಮಾಡಿಸುವವರೂ ಇದ್ದಾರೆ. ದೊಡ್ಡವರ ವಾಕ್ಯ ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ಅದರ ಬದಲು ಮಗು ಬರೆದದ್ದನ್ನು ಓದಿಸಿ ಕೇಳಿ. ಮಾಸ್ತರರು ಕೂಡ ಪುಟದ ಅಂಚಿನಲ್ಲಿ, "ದೀಪ ನಂದಿದ ಮೇಲೆ ಅಮ್ಮ ಏನು ಮಾಡಿದಳು?" ಎಂದೊಂದು ಪ್ರಶ್ನೆ ಬರೆದು ಪುಸ್ತಕ ಹಿಂದೆ ಕೊಟ್ಟರೆ, ಮರುದಿನ ಇನ್ನೊಂದು ಪುಟ ಬಂದೀತು.