ನೇರ ಮಾರಾಟ: ಸೇರುವ ಮುನ್ನ ಒಂದು ಲೆಕ್ಕ

ನೌಕರಿ ಹೋದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ಗಂಡನ ಅಗಲಿಕೆಯ ನಂತರ ಸಂಸಾರದ ಹೊಣೆ ಹೊತ್ತವರಿಗೆ ನೇರ ಮಾರಾಟದ ಉದ್ಯೋಗ ಆಸರೆಯಾಗಿ ಕಾಣುವುದು ಸಹಜ. ಅಂಗಡಿ ಬೇಕಿಲ್ಲ, ವಯಸ್ಸಿನ ಅಡ್ಡಿಯಿಲ್ಲ, ಹೂಡಬೇಕಾದ ಹಣವೂ ಅಲ್ಪ. ಆದರೆ ಇಲ್ಲಿನ ನಿಜವಾದ ಬಂಡವಾಳವೆಂದರೆ ನೆಂಟರಿಷ್ಟರು, ನೆರೆಹೊರೆಯವರು ನಮ್ಮ ಮೇಲಿಟ್ಟ ನಂಬಿಕೆ.

ಈ ಕೆಲಸಕ್ಕೆ ಸೇರಬಹುದೇ ಎಂದು ವಿಚಾರಿಸುವ ಪರಿಚಿತರ ಮುಂದೆ ನಾನೊಂದು ಲೆಕ್ಕ ಇಡುತ್ತೇನೆ. ಒಬ್ಬರು ಆರು ಮಂದಿಯನ್ನು, ಆ ಆರು ಮಂದಿ ತಲಾ ಮತ್ತೆ ಆರು ಮಂದಿಯನ್ನು ಸೇರಿಸುತ್ತ ಹೋದರೆ ಹತ್ತನೆಯ ಹಂತಕ್ಕೇ 6.05 ಕೋಟಿ ಜನ ಬೇಕಾಗುತ್ತಾರೆ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಕಡೆಯಲ್ಲಿ ಸೇರಿದವರು ಇನ್ನಾರನ್ನು ಹುಡುಕಿಯಾರು? ಅವರೆಷ್ಟೇ ದುಡಿದರೂ ಈ ಗಣಿತ ಬದಲಾಗದು.

ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2021ರ ಡಿಸೆಂಬರ್‌ನಲ್ಲಿ ಹೊರಬಿದ್ದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಪ್ರವೇಶ ಶುಲ್ಕ ವಸೂಲು ಮಾಡುವಂತಿಲ್ಲ. ಕಂಪನಿ ಹಾಗೂ ಮಾರಾಟಗಾರರ ನಡುವೆ ಲಿಖಿತ ಒಪ್ಪಂದವಿರಬೇಕು. ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇಲ್ಲದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ.

ನಿಯಮಗಳಾಚೆ, ಸೇರುವವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸದಸ್ಯತ್ವದ ಆಸೆಯಿಲ್ಲದ ಗೃಹಿಣಿಯೊಬ್ಬರು ಈ ಸಾಬೂನನ್ನು ಇದೇ ಬೆಲೆ ಕೊಟ್ಟು ಎರಡನೆಯ ಸಲವೂ ಕೊಳ್ಳುವರೇ? ಕೊಳ್ಳುವರೆಂದಾದರೆ ಅದು ಘನತೆಯ ದುಡಿಮೆ. ಇಲ್ಲವೆಂದಾದರೆ ನಿವೃತ್ತಿಯ ಇಡುಗಂಟಿನ ಜೊತೆಗೆ ನೆಂಟಸ್ತಿಕೆಯೂ ಕರಗೀತು. ಇಡುಗಂಟನ್ನು ಮತ್ತೆ ಕೂಡಿಸಬಹುದು. ಮುರಿದ ನಂಬಿಕೆಯನ್ನು ಕೂಡಿಸುವುದು ಕಷ್ಟ.