ಮನುಷ್ಯ ಮತ್ತು ಬೆಕ್ಕು: ಒಂದು ಸ್ನೇಹದ ಚಾರಿತ್ರಿಕ ಪರಿಶೀಲನೆ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ರೈಲುಮಾರ್ಗದ ಮೇಲೆ ಒಂದರ ಮುಂದೊಂದಾಗಿ ಇರುವ ಮೂರು ಪೇಟೆಯ ಊರುಗಳು. ಹಾವೇರಿಯು ಏಲಕ್ಕಿಯ ಹಾರಗಳಿಗೂ, ಬ್ಯಾಡಗಿಯು ಮೆಣಸಿನಕಾಯಿಗೂ, ರಾಣೇಬೆನ್ನೂರು ಹತ್ತಿ ಮತ್ತು ಬಿತ್ತನೆಯ ಬೀಜಗಳ ವ್ಯಾಪಾರಕ್ಕೂ ಹೆಸರಾಗಿವೆ. ಇಂತಹ ಪೇಟೆಗಳ ದಲಾಲಿ ಅಂಗಡಿಗಳಲ್ಲಿ, ಚೀಲಗಳ ಒಟ್ಟಿಲ ಮೇಲೆ ಇಲ್ಲವೆ ಸಾಹುಕಾರರ ಗಾದಿಯ ಅಂಚಿನಲ್ಲಿ ಮಲಗಿದ ಬೆಕ್ಕನ್ನು ಕಾಣುವುದು ಅಪರೂಪವಲ್ಲ. ಬೆಕ್ಕು ಅಡುಗೆಯ ಮನೆಯ ಪ್ರಾಣಿ, ಹೆಂಗಸರ ಮತ್ತು ಮಕ್ಕಳ ಒಡನಾಡಿ ಎಂಬುದು ಸಾಮಾನ್ಯವಾದ ಭಾವನೆ. ಆದರೆ ಗಂಡಸರೇ ಹೆಚ್ಚಾಗಿ ಕುಳಿತೇಳುವ ಮಳಿಗೆ, ಗಿರಣಿ, ಕಣಗಳಲ್ಲಿಯೂ ಅದಕ್ಕೆ ಸಲಿಗೆಯ ಸ್ಥಾನವೊಂದು ದೊರೆತಿದೆ. ಈ ಸ್ನೇಹವು ಹೇಗೆ ಬೆಳೆಯಿತು, ಲಿಖಿತ ಆಧಾರಗಳಲ್ಲಿ ಅದು ಇಷ್ಟು ವಿರಳವಾಗಿರಲು ಕಾರಣವೇನು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪ್ರಾಚೀನತೆಯ ವಿಚಾರ. ಇಂದಿನ ಮನೆಬೆಕ್ಕು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಕಾಡುಬೆಕ್ಕಿನ ಸಂತತಿಯೆಂಬುದು ವಂಶವಾಹಿಗಳ ಪರೀಕ್ಷೆಯಿಂದ ಸಿದ್ಧವಾಗಿದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದಿನ ಮಾನವ ಸಮಾಧಿಯೊಂದರ ಪಕ್ಕದಲ್ಲಿಯೇ ಹೂಳಲ್ಪಟ್ಟ ಬೆಕ್ಕಿನ ಅಸ್ಥಿಪಂಜರವು ದೊರೆತ ಸಂಗತಿಯನ್ನು ಫ್ರಾನ್ಸಿನ ಪುರಾತತ್ತ್ವಜ್ಞರು ೨೦೦೪ರಲ್ಲಿ ಪ್ರಕಟಿಸಿದರು. ಆ ದ್ವೀಪವು ಬೆಕ್ಕಿನ ಸ್ವಾಭಾವಿಕ ನೆಲೆಯಲ್ಲವಾದ್ದರಿಂದ, ಮನುಷ್ಯನೇ ಅದನ್ನು ದೋಣಿಯಲ್ಲಿ ಕರೆತಂದಿರಬೇಕು. ಧಾನ್ಯವು ಕೂಡಿಬಿದ್ದಲ್ಲಿಗೆ ಇಲಿಯೂ, ಇಲಿಯನ್ನರಸಿ ಬೆಕ್ಕೂ ಬಂದವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಈ ದೃಷ್ಟಿಯಿಂದ, ಮನುಷ್ಯನು ಬೆಕ್ಕನ್ನು ಹಿಡಿದು ಪಳಗಿಸಿದನೆನ್ನುವುದಕ್ಕಿಂತ, ಬೆಕ್ಕು ತಾನಾಗಿ ಬಂದು ನಿಂತಿತೆನ್ನುವುದೇ ಹೆಚ್ಚು ಸಮಂಜಸ.

ಹೆಸರುಗಳೂ ಚರಿತ್ರೆಗೆ ಆಧಾರಗಳೇ. ಕನ್ನಡದ ‘ಬೆಕ್ಕು’ ಎಂಬುದರ ಹಳೆಯ ರೂಪ ‘ಬೆರ್ಕು’. ಇದಕ್ಕೆ ಜ್ಞಾತಿಪದವಾದ ತಮಿಳಿನ ‘ವೆರುಕು’ ಶಬ್ದಕ್ಕೆ ಕಾಡುಬೆಕ್ಕು, ಗಂಡುಬೆಕ್ಕು ಎಂಬ ಅರ್ಥಗಳಿವೆ. ಕಾಡಿನ ಪ್ರಾಣಿಯ ಹೆಸರೇ ಮನೆಯ ಪ್ರಾಣಿಗೂ ಸಂದಿತೆಂದು ಊಹಿಸಬಹುದು. ಸಂಸ್ಕೃತದ ‘ಮಾರ್ಜಾರ’ ಶಬ್ದವು ಒರೆಸು, ಶುಚಿಗೊಳಿಸು ಎಂಬ ಅರ್ಥದ ಧಾತುವಿನಿಂದ ಬಂದುದು. ‘ಆಖುಭುಕ್’ ಎಂದರೆ ಇಲಿಯನ್ನು ತಿನ್ನುವುದು. ಒಂದು ಹೆಸರು ಮೈ ನೆಕ್ಕಿಕೊಳ್ಳುವ ಅದರ ಅಭ್ಯಾಸವನ್ನು ಗಮನಿಸಿದೆ, ಇನ್ನೊಂದು ಅದರ ಕೆಲಸವನ್ನು.

ಗ್ರಂಥಗಳಲ್ಲಿ ಬೆಕ್ಕಿಗೆ ಬಂದ ಖ್ಯಾತಿಯಾದರೋ ಬೇರೆ ಬಗೆಯದು. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗಾತೀರದಲ್ಲಿ ತಪಸ್ಸಿನ ಸೋಗು ಹಾಕಿ ಇಲಿಗಳನ್ನು ನುಂಗುವ ಬೆಕ್ಕಿನ ಕಥೆಯಿದೆ. ಮಹಾಬಲಿಪುರದ ಏಳನೆಯ ಶತಮಾನದ ಬೃಹತ್ ಶಿಲಾಶಿಲ್ಪದಲ್ಲಿ ಮುಂಗಾಲುಗಳನ್ನೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಸುತ್ತಲಿನ ಇಲಿಗಳನ್ನೂ ಇಂದಿಗೂ ಕಾಣಬಹುದು. ಮನುಸ್ಮೃತಿಯು ಕಪಟ ಧಾರ್ಮಿಕನನ್ನು ‘ಬೈಡಾಲವ್ರತಿಕ’, ಅಂದರೆ ಬೆಕ್ಕಿನ ವ್ರತದವನು, ಎಂದು ಕರೆಯುತ್ತದೆ. ೧೦೩೧ರ ಸುಮಾರಿನಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯಲ್ಲಿಯೂ, ನ್ಯಾಯ ಹೇಳುವ ನೆಪದಿಂದ ವಾದಿ ಪ್ರತಿವಾದಿಗಳಿಬ್ಬರನ್ನೂ ತಿಂದುಹಾಕುವ ಬೆಕ್ಕು ಪ್ರಸಿದ್ಧವಾಗಿದೆ. ನೀತಿಯನ್ನು ಬೋಧಿಸುವವರಿಗೆ ಕಪಟಕ್ಕೊಂದು ದೃಷ್ಟಾಂತ ಬೇಕಾಗಿತ್ತು. ಸದ್ದಿಲ್ಲದೆ ಹೊಂಚುವ ಬೆಕ್ಕು ಕಣ್ಣೆದುರಿಗೇ ಇತ್ತು. ಕಣಜದ ಒಡೆಯನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಆ ಅಭಿಪ್ರಾಯದ ಸುಳಿವು ಕಥೆಗಳಿಗಿಂತ ಹೆಚ್ಚಾಗಿ ಕಟ್ಟಳೆಗಳಲ್ಲಿ ದೊರೆಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಇಲಿಗಳ ಬಾಧೆಯುಂಟಾದಾಗ ಬೆಕ್ಕು ಮುಂಗುಸಿಗಳನ್ನು ಬಿಡಬೇಕೆಂದೂ, ಅವುಗಳನ್ನು ಹಿಡಿದವರಿಗೆ ಅಥವಾ ಹಿಂಸಿಸಿದವರಿಗೆ ಹನ್ನೆರಡು ಪಣಗಳ ದಂಡ ವಿಧಿಸಬೇಕೆಂದೂ ಹೇಳುತ್ತದೆ. ಬೆಕ್ಕಿನ ವ್ರತವನ್ನು ಹಳಿದ ಮನುಸ್ಮೃತಿಯೇ ಬೆಕ್ಕನ್ನು ಕೊಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸಿದೆ. ವಿಜಯನಗರದ ಕೃಷ್ಣದೇವರಾಯನು ಇಲಿಗಳ ಕಾಟವನ್ನು ತಡೆಯಲು ಮನೆಮನೆಗೆ ಬೆಕ್ಕನ್ನೂ, ಅದಕ್ಕೆ ಹಾಲೆರೆಯಲು ಹಸುವನ್ನೂ ಕೊಟ್ಟನೆಂಬ ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ವಿದಿತವಾದುದೇ. ಇದು ಇತಿಹಾಸವಲ್ಲ, ಜನಪದದ ಕಲ್ಪನೆ. ಆದರೂ ಕಾವಲಿಗೆ ನಿಂತ ಬೆಕ್ಕಿಗೆ ಸಂಬಳ ಸಲ್ಲಬೇಕೆಂಬ ಜನರ ಭಾವನೆಯು ಇದರಲ್ಲಿ ವ್ಯಕ್ತವಾಗಿದೆ.

ನಮ್ಮ ಸೀಮೆಗೆ ಬಂದರೆ, ಇಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚುವ ಪದ್ಧತಿಯಿತ್ತು. ಮುಚ್ಚಿದ ಹಗೇವಿಗೆ ಇಲಿಯ ಭಯ ಕಡಿಮೆ. ತೆರೆದು ಮೇಲೆ ತಂದ ಕಾಳಿಗೆ, ಅಂಗಡಿಯ ಚೀಲಗಳಿಗೆ, ಬೀಜದ ಗಂಟುಗಳಿಗೆ ಬೆಕ್ಕೇ ಕಾವಲು. ಒಂದು ರಾತ್ರಿ ಬೀಜ ಹಾಳಾದರೆ ಒಂದು ವರ್ಷದ ಬಿತ್ತನೆ ಹಾಳಾದಂತೆ ಎಂಬುದನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಪ್ಲೇಗಿನ ಕಾಲದಲ್ಲಿ ಇಲಿಯು ಕಾಳಿಗೆ ಮಾತ್ರವಲ್ಲದೆ ಪ್ರಾಣಕ್ಕೂ ಕುತ್ತಾಯಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಬೇನೆಯು ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಘೋರವಾಗಿ ಹಬ್ಬಿತು. ಮೇಲೆ ಹೇಳಿದ ಮೂರು ಊರುಗಳೂ ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕುವುದು ಆ ಕಾಲದ ರೂಢಿ. ಇಲಿಯ ಚಿಗಟವೇ ರೋಗವನ್ನು ಹರಡುವುದೆಂದು ಫ್ರಾನ್ಸಿನ ವೈದ್ಯ ಸೀಮೊಂ ಎಂಬವನು ಅದೇ ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ೧೯೦೮ರಲ್ಲಿ ಅಮರಾವತಿಯ ಸಿವಿಲ್ ಸರ್ಜನ್ ಬ್ಯೂಕನನ್ ಎಂಬವನು, ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು, ಬೆಕ್ಕು ಸಾಕುವುದಕ್ಕೆ ಪ್ರೋತ್ಸಾಹ ಕೊಡಬೇಕೆಂದು ವಾದಿಸಿದನು. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ಬರಬಹುದು ಎಂಬುದು ಇಂದು ತಿಳಿದಿದೆಯಾದ್ದರಿಂದ ಅವನ ವಾದವನ್ನು ಪೂರ್ಣವಾಗಿ ಒಪ್ಪುವಂತಿಲ್ಲ. ಆದರೂ ರೈತರು ಬಹುಕಾಲದಿಂದ ನಂಬಿದ್ದ ಸಹಾಯಕನೊಬ್ಬನನ್ನು ಸರಕಾರದ ವೈದ್ಯನೂ ಗುರುತಿಸಿದನೆಂಬುದು ಗಮನಾರ್ಹ.

ಉಪಯೋಗವೇ ಪ್ರೀತಿಯಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಉಪಯೋಗದಿಂದ ಹುಟ್ಟಿದ ನೆರೆಹೊರೆಯು ಪ್ರೀತಿಗೆ ತಿರುಗಿದುದಕ್ಕೆ ಸಾಕ್ಷ್ಯಗಳು ವಿರಳವಾದರೂ ಇಲ್ಲದಿಲ್ಲ. ಪ್ರವಾದಿ ಮಹಮ್ಮದರ ಅನುಯಾಯಿಯೊಬ್ಬರು ಬೆಕ್ಕಿನ ಮರಿಯ ಮೇಲಣ ಮಮತೆಯಿಂದಾಗಿ ‘ಅಬೂ ಹುರೈರಾ’, ಅಂದರೆ ಮರಿಬೆಕ್ಕಿನ ತಂದೆ, ಎಂಬ ಹೆಸರಿನಿಂದಲೇ ಪ್ರಸಿದ್ಧರಾದರು. ನವಾಬರ ರಾಜಧಾನಿಯಾಗಿದ್ದ ಸವಣೂರು ಈ ಜಿಲ್ಲೆಯಲ್ಲಿಯೇ ಇದ್ದು, ಇಲ್ಲಿಯ ಮುಸಲ್ಮಾನ ಮನೆತನಗಳಿಗೆ ಈ ಹೆಸರು ಅಪರಿಚಿತವಲ್ಲ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಭಗವಂತನ ಕೃಪೆಯನ್ನು ವಿವರಿಸಲು ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುವ ತಾಯಿಬೆಕ್ಕನ್ನು ದೃಷ್ಟಾಂತವಾಗಿ ಕೊಟ್ಟರು. ಇದೇ ಮಾರ್ಜಾರಕಿಶೋರ ನ್ಯಾಯ. ಕಪಟಕ್ಕೆ ಸಂಕೇತವಾಗಿದ್ದ ಪ್ರಾಣಿ ಇಲ್ಲಿ ಕರುಣೆಗೆ ಸಂಕೇತವಾಯಿತು. ಹೊರನಾಡುಗಳಲ್ಲಿ, ಒಂಬತ್ತನೆಯ ಶತಮಾನದ ಐರಿಷ್ ಸಂನ್ಯಾಸಿಯೊಬ್ಬನು ತನ್ನ ಬೆಕ್ಕು ಪಾಂಗುರ್ ಬಾನನ್ನು ಕುರಿತು ಕವಿತೆ ಬರೆದನು. ನಿಘಂಟುಕಾರ ಡಾ. ಜಾನ್ಸನ್ನನು ತನ್ನ ಬೆಕ್ಕು ಹಾಡ್ಜನಿಗಾಗಿ ತಾನೇ ಪೇಟೆಗೆ ಹೋಗಿ ಚಿಪ್ಪಿನ ಮಾಂಸವನ್ನು ತರುತ್ತಿದ್ದನು. ಆಳುಗಳಿಗೆ ಆ ತೊಂದರೆ ಕೊಟ್ಟರೆ ಅವರು ಬಡಪ್ರಾಣಿಯನ್ನು ದ್ವೇಷಿಸಿಯಾರೆಂಬ ಭಯ ಅವನಿಗಿತ್ತೆಂದು ಬಾಸ್ವೆಲ್ಲನು ೧೭೯೧ರಲ್ಲಿ ಪ್ರಕಟವಾದ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಇವರು ಬರೆಯಬಲ್ಲವರು ಅಥವಾ ಬರೆಯಬಲ್ಲ ಮಿತ್ರರುಳ್ಳವರು; ಆದುದರಿಂದಲೇ ಇವರ ಬೆಕ್ಕುಗಳು ಚರಿತ್ರೆಯಲ್ಲಿ ಉಳಿದವು. ರಾಣೇಬೆನ್ನೂರಿನ ಹಮಾಲನ ಬೆಕ್ಕಿಗೆ ಬಾಸ್ವೆಲ್ಲನಿರಲಿಲ್ಲ.

ಇಂದು ಸ್ಥಿತಿ ಬದಲಾಗಿದೆ. ಹಗೇವುಗಳು ಬಳಕೆಯಿಂದ ಹೋಗಿವೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳನ್ನು ಸೇರುತ್ತಿದೆ. ಇಲಿಗೆ ಪಾಷಾಣವನ್ನಿಡುವುದು ಸುಲಭವಾಗಿದೆ, ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುವುದುಂಟು. ಬೆಕ್ಕಿನ ಕೆಲಸ ಹೀಗೆ ಕಡಿಮೆಯಾಗುತ್ತಿದ್ದರೂ ಅದಕ್ಕೆ ಹಾಲೆರೆಯುವವರು ಇದ್ದಾರೆ. ಕೆಲಸವು ಮುಗಿದ ಮೇಲೆಯೂ ಸಲ್ಲುತ್ತಿರುವ ಈ ಹಾಲನ್ನು ಪ್ರೀತಿಯಲ್ಲದೆ ಬೇರೊಂದು ಕಾರಣದಿಂದ ವಿವರಿಸುವುದು ಕಷ್ಟ.

ಈ ವಿಷಯದಲ್ಲಿ ಅಭ್ಯಾಸಿಗಳು ಮಾಡಬಹುದಾದ ಕಾರ್ಯವು ಬಹಳವಿದೆ. ಪೇಟೆಯ ಹಳೆಯ ಮನೆತನಗಳ ಕಿರ್ದಿ ಖಾತೆಗಳಲ್ಲಿ ಬೆಕ್ಕಿನ ಹಾಲಿಗೆಂದು ಖರ್ಚು ಬರೆದಿದೆಯೇ ಎಂಬುದನ್ನು ಶೋಧಿಸಬೇಕು. ಹಗೇವು ತೆಗೆದವರು, ಗಿರಣಿಯಲ್ಲಿ ರಾತ್ರಿಯ ಪಾಳಿ ಮಾಡಿದವರು, ಅಂಗಡಿಗಳ ವೃದ್ಧ ದಿವಾಣಜಿಗಳು ಇನ್ನೂ ನಮ್ಮೊಡನಿದ್ದಾರೆ. ಅವರು ತಮ್ಮ ಬೆಕ್ಕುಗಳನ್ನು ಏನೆಂದು ಕರೆಯುತ್ತಿದ್ದರು, ಸತ್ತಾಗ ಎಲ್ಲಿ ಹೂಳುತ್ತಿದ್ದರು ಎಂಬುದನ್ನು ಅವರಿಂದಲೇ ಕೇಳಿ ಬರೆದಿಡಬೇಕು. ಬೆಲೆ, ತೆರಿಗೆ, ಇಳುವರಿಗಳ ಅಂಕಿಗಳು ದಫ್ತರಗಳಲ್ಲಿ ಉಳಿದಾವು. ಈ ಸಂಗತಿಗಳಾದರೋ ಹೇಳುವವರೊಡನೆಯೇ ಹೋಗತಕ್ಕವು.